ಗಾಳಿಯ ಅಂಕಿ

ಮುರಿಗೆಪ್ಪನನ್ನು ಮ್ಯಾನ್‌ಹೋಲಿಗೆ ಇಳಿಸಿದ್ದು ಹೂಳು ತೆಗೆಯುವುದಕ್ಕಲ್ಲ. ಒಂದು ಡಬ್ಬಿಯನ್ನು ಮೇಲೆ ತರುವುದಕ್ಕೆ.

ಮೇ ತಿಂಗಳು. ಮುಂಬೈಯ ವಡಾಲದಲ್ಲಿ ಬಂದರಿನ ಗೋಡೆಗೆ ತಾಗಿಕೊಂಡು ಹೋಗುವ ರಸ್ತೆ. ಮಳೆ ಹಿಡಿಯುವ ಮೊದಲು ಗಟಾರಗಳ ಹೂಳು ತೆಗೆದು ಮುಗಿಸಬೇಕಿತ್ತು. ರಾಚವ್ವ ಏಳು ಗಂಟೆಯಿಂದ ಬಕೆಟ್ ಎಳೆಯುತ್ತಿದ್ದಳು. ಸೊಂಟದ ಮಟ್ಟದ ಗಟಾರದಲ್ಲಿ ನಿಂತ ತಮ್ಮ ಮುರಿಗೆಪ್ಪ ಸಲಿಕೆಯಿಂದ ತುಂಬಿಕೊಡುತ್ತಿದ್ದ. ಇವಳು ಹಗ್ಗ ಜಗ್ಗಿ ರಸ್ತೆಯಂಚಿಗೆ ಸುರಿಯುತ್ತಿದ್ದಳು. ಕಪ್ಪು ಹೂಳು. ಅದರಲ್ಲಿ ಸತ್ತ ಇಲಿ, ಕೂದಲಿನ ಗಂಟು, ಒಡೆದ ಬಾಟಲಿಯ ಚೂರು. ಇಪ್ಪತ್ತು ವರ್ಷ ಹಗ್ಗ ಜಗ್ಗಿ ಅವಳ ಅಂಗೈಯ ಗೆರೆಗಳು ಅಳಿಸಿಹೋಗಿದ್ದವು. ರೇಷನ್ ಅಂಗಡಿಯ ಮಷೀನು ಅವಳ ಹೆಬ್ಬೆರಳನ್ನು ಗುರುತಿಸುತ್ತಿರಲಿಲ್ಲ. ಲೋಕಲ್ ರೈಲಿನಲ್ಲಿ ಎಷ್ಟೇ ಗರ್ದಿ ಇದ್ದರೂ ಅವಳ ಸುತ್ತ ಒಂದು ಮೊಳ ಜಾಗ ಖಾಲಿ ಬೀಳುತ್ತಿತ್ತು.

ಇಂಡಿ ತಾಲೂಕಿನ ಒಂದು ಕೇರಿಯಲ್ಲಿ ಅವ್ವ ಸತ್ತಾಗ ಮುರಿಗೆಪ್ಪನಿಗೆ ನಾಲ್ಕು ವರ್ಷ. ಅಕ್ಕನೇ ಟೊಂಕದ ಮೇಲೆ ಹೊತ್ತು ಬೆಳೆಸಿದಳು. ಮುಂಬೈಗೂ ಅವಳೇ ಕರೆತಂದಳು. ಈಗ ಅವನಿಗೆ ಮೂವತ್ತಮೂರು. ಮದುವೆಯಾಗಿರಲಿಲ್ಲ. ಗಟಾರಕ್ಕೆ ಇಳಿಯುವವನಿಗೆ ಹೆಣ್ಣು ಕೊಡುವುದಿಲ್ಲ ಎಂದು ಅವರ ಕೇರಿಯವರೇ ಹೇಳಿ ಕಳಿಸಿದ್ದರು.

ಕೆಲಸ ಕೊಡಿಸಿದ್ದು ಕಂತ್ರಾಟುದಾರ ಸದಾನಂದ. ಮಂಗಳೂರಿನ ಕಡೆಯವನು. ಘಾಟ್ಕೋಪರ್‌ನಲ್ಲಿ ಹೋಟೆಲು ಇತ್ತು. ಹೋಟೆಲಿನಿಂದ ಬಿಲ್ಡಿಂಗ್ ಕೆಲಸಕ್ಕೆ, ಬಿಲ್ಡಿಂಗ್ ಕೆಲಸದಿಂದ ಗಟಾರದ ಕಂತ್ರಾಟಿಗೆ ಬಂದಿದ್ದ. ತಮ್ಮನಿಗೆ ಕೆಲಸ ಕೇಳಲು ರಾಚವ್ವ ಆ ಹೋಟೆಲಿನ ಬಾಗಿಲಿಗೆ ಹೋದಾಗ ಅವನು ಅವಳನ್ನು ಹಿಂದಿನ ಓಣಿಯಲ್ಲಿ, ಪಾತ್ರೆ ತೊಳೆಯುವ ಜಾಗದಲ್ಲಿ ನಿಲ್ಲಿಸಿದ್ದ. ಕಾಗದದ ಲೋಟದಲ್ಲಿ ಚಹಾ ಕಳಿಸಿದ್ದ. “ನಾವೂ ಕನ್ನಡ, ನೀವೂ ಕನ್ನಡ. ನಿಮಗೆ ಮಾಡದೆ ಯಾರಿಗೆ ಮಾಡುದು?” ಎಂದಿದ್ದ.

ಹೋದ ವರ್ಷ ಒಂದು ಕಂಪನಿ ಅರವತ್ತು ಮ್ಯಾನ್‌ಹೋಲುಗಳ ಮುಚ್ಚಳದ ಕೆಳಗೆ ಒಂದೊಂದು ಸೆನ್ಸರ್ ತೂಗುಹಾಕಿಸಿತು. ಕೆಲಸದವರು ಅದನ್ನು ಡಬ್ಬಿ ಎನ್ನುತ್ತಿದ್ದರು. ನೀರು ಎಷ್ಟು ಏರಿದೆ, ಒಳಗಿನ ಗಾಳಿಯಲ್ಲಿ ವಿಷ ಎಷ್ಟಿದೆ ಎಂದು ಅದು ನಿಮಿಷ ನಿಮಿಷಕ್ಕೂ ಆಫೀಸಿನ ಪರದೆಗೆ ಹೇಳುತ್ತದಂತೆ. ಪೆಂಡಾಲು ಹಾಕಿ ಸಭೆ ಮಾಡಿದರು. ಇನ್ನು ಮೇಲೆ ಮನುಷ್ಯ ಗಟಾರಕ್ಕೆ ಇಳಿಯಬೇಕಾಗಿಲ್ಲ ಎಂದು ಕೋಟು ಹಾಕಿದವನೊಬ್ಬ ಭಾಷಣ ಮಾಡಿದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಮುರಿಗೆಪ್ಪ. ಅವನಿಗೆ ಹಳದಿ ಜಾಕೆಟ್ ತೊಡಿಸಿ ಫೋಟೋ ತೆಗೆದರು. ಫೋಟೋ ಆದಮೇಲೆ ಜಾಕೆಟ್ ವಾಪಸು ತೆಗೆದುಕೊಂಡರು.

ಅವತ್ತು ಬೆಳಿಗ್ಗೆ ಒಂಬತ್ತೂವರೆಗೆ ಸದಾನಂದನ ಕಾರು ಬಂದು ನಿಂತಿತು. ಜೊತೆಗೆ ಅವನ ಅಕ್ಕನ ಮಗ ಮನೀಶ್. ಆ ಡಬ್ಬಿಯ ಕಂಪನಿಯಲ್ಲಿ ಇಂಜಿನಿಯರು. ಮುಂಬೈಯಲ್ಲೇ ಹುಟ್ಟಿದವನು, ಕನ್ನಡ ತಡವರಿಸುತ್ತ ಆಡುತ್ತಿದ್ದ. ಅವನ ಕೈಯಲ್ಲಿ ಟ್ಯಾಬ್ ಇತ್ತು.

ರಸ್ತೆಯ ತಿರುವಿನ ಮ್ಯಾನ್‌ಹೋಲಿನಲ್ಲಿ ಡಬ್ಬಿಯ ಕೊಂಡಿ ಮುರಿದು ಅದು ಸರಪಳಿ ಸಮೇತ ಕೆಳಗೆ ಬಿದ್ದಿತ್ತು. ಒಳಗಿನ ಬ್ಯಾಟರಿ ಕೆಟ್ಟಿರಲಿಲ್ಲ. ಕೆಳಗಿನಿಂದಲೇ ತಪ್ಪು ಲೆಕ್ಕ ಹೇಳುತ್ತಿತ್ತು, ನೀರು ಬಾಯಿಮಟ್ಟ ಬಂದಿದೆ ಎಂದು. ಹನ್ನೊಂದಕ್ಕೆ ದೊಡ್ಡ ಸಾಹೇಬರು ಪರದೆಯ ಉದ್ಘಾಟನೆಗೆ ಬರುವವರಿದ್ದರು. ನಕ್ಷೆಯಲ್ಲಿ ಐವತ್ತೊಂಬತ್ತು ಚುಕ್ಕೆ ಹಸಿರು, ಇದೊಂದು ಕೆಂಪು.

“ಏ ಮುರಿಗೆಪ್ಪ, ಬಾ ಇಲ್ಲಿ. ಹದಿನೈದು ಅಡಿ ಅಷ್ಟೆ. ಹೋಗಿ ಎತ್ತಿಕೊಂಡು ಬಾ” ಎಂದು ಸದಾನಂದ ಕೂಗಿದ.

ಮುರಿಗೆಪ್ಪ ಗಟಾರದಿಂದ ಮೇಲೆ ಬಂದ. ತಿರುವಿಗೆ ಹೋಗಿ ಮುಚ್ಚಳ ತೆರೆದ ಬಾಯಿಯ ಹತ್ತಿರ ಕೂತು ಮೂಸಿದ. ಹಿಂದಕ್ಕೆ ಸರಿದ.

“ಬ್ಯಾಡ್ರೀ ಸೇಠ್ರ. ಗಾಳಿ ಸರಿ ಇಲ್ಲ. ಹೂಳು ಎಳಿಯೂ ಮಷೀನ್ ಗಾಡಿ ತರಸ್ರಿ.”

“ಗಾಡಿ ಕಾಂದಿವಲಿಯಲ್ಲುಂಟು. ಅದು ಬರುವಾಗ ಮಧ್ಯಾಹ್ನ ಆಗ್ತದೆ.”

“ಹಂಗಾರ ಮಧ್ಯಾಹ್ನ ಇಳೀತೀನಿ.”

ಸದಾನಂದ ಅವನ ಕೆನ್ನೆಗೆ ಹೊಡೆದ. ಬೆರಳಿಗೆ ಹತ್ತಿದ ಕೆಸರನ್ನು ನೋಡಿ ಮುರಿಗೆಪ್ಪನ ಬನಿಯನ್ನಿಗೇ ಒರೆಸಿದ. “ಗಟಾರದ ಗಾಳಿ ನಿಮ್ಮ ಜನಕ್ಕೆ ಎಂತ ಹೊಸತಾ? ಅದರಲ್ಲೇ ಹುಟ್ಟಿದವರಲ್ಲವಾ ನೀವು? ಇಳಿದರೆ ಇಳಿ. ಇಲ್ಲದಿದ್ದರೆ ನೀನೂ ನಿನ್ನ ಅಕ್ಕನೂ ಈಗಲೇ ಹಗ್ಗ ಕೆಳಗಿಟ್ಟು ಹೋಗಿ.”

ಅಷ್ಟರಲ್ಲಿ ಮನೀಶನ ಟ್ಯಾಬ್ ಕುಂಯ್ ಕುಂಯ್ ಎಂದು ಕೂಗತೊಡಗಿತು. ಅವನು ಮಾವನ ಹತ್ತಿರ ಹೋಗಿ ಮೆಲ್ಲಗೆ ತುಳುವಿನಲ್ಲಿ ಏನೋ ಅಂದ. ರಾಚವ್ವನಿಗೆ ‘ಗ್ಯಾಸ್’ ಎಂಬುದೊಂದು ಕೇಳಿಸಿತು. ಸದಾನಂದ ಕನ್ನಡದಲ್ಲೇ ಗದರಿದ: “ಬಿದ್ದು ಹಾಳಾದ ಡಬ್ಬಿ ಅದು. ನೀರಿನ ಲೆಕ್ಕ ಸುಳ್ಳಾದರೆ ಗಾಳಿದೂ ಸುಳ್ಳೇ. ಬಂದ್ ಮಾಡು ಅದನ್ನು.” ಮನೀಶ್ ಟ್ಯಾಬಿನ ಮೇಲೆ ಬೆರಳು ಒತ್ತಿದ. ಕೂಗು ನಿಂತಿತು.

ಮುರಿಗೆಪ್ಪ ಅಕ್ಕನ ಮುಖ ನೋಡಿದ. ಬೇಡ ಅನ್ನು ಎಂಬಂತೆ ನೋಡಿದ.

ರಾಚವ್ವ ಅಂದಳು: “ಹೋಗಿ ಬಾರೋ ತಮ್ಮಾ. ಎರಡ ನಿಮಿಷದ ಕೆಲಸ.”

ಈ ಮಾತನ್ನು ಅವಳು ಮುಂದೆ ಯಾರಿಗೂ ಮುಚ್ಚಿಡಲಿಲ್ಲ. ಪೊಲೀಸರ ಮುಂದೆಯೂ ಹೇಳಿದಳು. “ನಾನ ಕಳಿಸಿದೆ” ಎಂದಳು.

ಹಗ್ಗದ ತುದಿಯನ್ನು ಜಹಾಂಗೀರ ಹಿಡಿದಿದ್ದ. ವಿಜಯಪುರದವನು, ಮುರಿಗೆಪ್ಪನ ಜೊತೆಗಾರ, ಒಂದೇ ಚಾಳಿನವರು. ಮುರಿಗೆಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಬಾಯಿಗೆ ಟವೆಲ್ ಬಿಗಿದು ಕಬ್ಬಿಣದ ಮೆಟ್ಟಿಲು ಇಳಿದ. ತಲೆ ಕಾಣಿಸಿತು. ಆಮೇಲೆ ತಲೆ ಕಾಣಿಸಲಿಲ್ಲ. “ಸಿಕ್ತು” ಎಂಬ ಕೂಗು ಬಂತು. ಅದರ ಹಿಂದೆಯೇ ಒಂದು ಸದ್ದು, ತುಂಬಿದ ಚೀಲ ನೀರಿಗೆ ಬಿದ್ದಂತೆ.

ಹಗ್ಗ ಒಮ್ಮೆಲೇ ಭಾರವಾಯಿತು. ಜಹಾಂಗೀರ ಎಳೆದ. ರಾಚವ್ವ ಎಳೆದಳು. ಅರ್ಧಕ್ಕೆ ಬಂದು ನಿಂತಿತು. ಮೆಟ್ಟಿಲಿಗೆ ಅವನ ತೋಳು ಸಿಕ್ಕಿಕೊಂಡಿತ್ತು. ಎಳೆದಷ್ಟೂ ಅವನ ಎಲುಬು ಕಬ್ಬಿಣಕ್ಕೆ ಬಡಿಯುವುದು ಕೇಳುತ್ತಿತ್ತು. ಜಹಾಂಗೀರ ಹಗ್ಗ ಅವಳ ಕೈಗೆ ಕೊಟ್ಟು ತಾನೇ ಒಳಗೆ ಕಾಲಿಟ್ಟ. ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಅವನ ಕಣ್ಣು ಮೇಲೆ ಸಿಕ್ಕಿಕೊಂಡವು. ಉಳಿದ ಕೆಲಸದವರು ಅವನ ಕೂದಲು ಹಿಡಿದು ಹೊರಗೆ ಎಳೆದರು. ಅವನು ರಸ್ತೆಯ ಮೇಲೆ ಬಿದ್ದು ನೊರೆ ಕಾರಿದ. ರಾಚವ್ವ ಹಗ್ಗ ಬಿಡಲಿಲ್ಲ. ಅಗ್ನಿಶಾಮಕ ದಳದವರು ಬರುವವರೆಗೆ, ಇಪ್ಪತ್ತೈದು ನಿಮಿಷ, ತಮ್ಮನ ಭಾರವನ್ನು ಹಿಡಿದುಕೊಂಡೇ ನಿಂತಳು. ಅಂಗೈ ಸುಲಿದು ಹಗ್ಗ ಕೆಂಪಾಯಿತು.

ಮೇಲೆ ತಂದಾಗ ಅವನ ಮುಖ ಕಪ್ಪಾಗಿತ್ತು. ಬಾಯಲ್ಲಿ ಹೂಳು ತುಂಬಿತ್ತು. ಡಬ್ಬಿಯ ಸರಪಳಿಯನ್ನು ಎರಡು ಸುತ್ತು ಮುಂಗೈಗೆ ಸುತ್ತಿಕೊಂಡಿದ್ದ. ಡಬ್ಬಿ ಅವನ ಎದೆಯ ಮೇಲೆ ಕೂತಿತ್ತು.

ಸದಾನಂದ ಬಂದ. ಹೆಣದ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತ. ನಾಡಿ ನೋಡುತ್ತಾನೆ ಎಂದುಕೊಂಡಳು. ಅವನು ಸರಪಳಿ ಬಿಚ್ಚತೊಡಗಿದ.

ರಾಚವ್ವ ಅವನ ಮುಖಕ್ಕೆ ಒದ್ದಳು. ಅವನು ಹಿಂದಕ್ಕೆ ಹೂಳಿನ ರಾಶಿಯ ಮೇಲೆ ಬಿದ್ದ. ಅವಳು ತಮ್ಮನ ಕೈಯಿಂದ ಸರಪಳಿ ಬಿಚ್ಚಿದಳು. ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿ ಹೊಟ್ಟೆಗೆ ಕಟ್ಟಿಕೊಂಡಳು. ಅದರಲ್ಲಿ ಏನಿದೆ ಎಂದು ಅವಳಿಗೆ ಆಗ ಗೊತ್ತಿರಲಿಲ್ಲ. ಸದಾನಂದನಿಗೆ ಬೇಕಾದದ್ದನ್ನು ಅವನಿಗೆ ಕೊಡಬಾರದು ಎಂಬುದಷ್ಟೇ ಗೊತ್ತಿತ್ತು.

ಅದೇ ದಿನ ಮಧ್ಯಾಹ್ನ ಆಸ್ಪತ್ರೆಯ ಹೆಣದ ಕೋಣೆಯ ಹೊರಗೆ ಸದಾನಂದ ಮತ್ತೆ ಬಂದ. ಮೂಗಿಗೆ ಪಟ್ಟಿ. ಹಿಂದೆ ಇಬ್ಬರು ದಾಂಡಿಗರು, ಮನೀಶ್. ಕೈಯಲ್ಲಿ ಒಂದು ಕಾಗದ.

“ಆದದ್ದು ಆಯ್ತು ಮಾರಾಯ್ತಿ. ನಿನ್ನನ್ನು ಪರ್ಮನೆಂಟ್ ಮಾಡಿಸ್ತೇನೆ. ಇದಕ್ಕೊಂದು ಹೆಬ್ಬೆಟ್ಟು ಒತ್ತು.”

“ಏನ ಬರದೈತಿ ಅದರಾಗ?”

ಸದಾನಂದ ಕಾಗದವನ್ನು ಇನ್ನಷ್ಟು ಮುಂದೆ ಚಾಚಿದ. ಅವಳು ಮನೀಶನ ಕಡೆ ತಿರುಗಿದಳು. “ನೀ ಓದು.”

ಮನೀಶ್ ಕಾಗದ ನೋಡಿದ. “ಕುಡಿದಿದ್ದ... ಯಾರೂ ಹೇಳಲಿಲ್ಲ... ಅವನೇ ಇಳಿದ. ಹಾಗೆ ಉಂಟು.”

ಮುರಿಗೆಪ್ಪ ಜನ್ಮದಲ್ಲಿ ಕುಡಿದವನಲ್ಲ. ರಾಚವ್ವ ಕಾಗದವನ್ನು ಕಿತ್ತುಕೊಂಡು ಬಾಯಿಗೆ ಹಾಕಿ ಅಗಿದಳು. ಅಗಿದು ಸದಾನಂದನ ಅಂಗಿಯ ಮೇಲೆ ಉಗಿದಳು.

ಆಗ ಅವನು ದಾಂಡಿಗರಿಗೆ ಸನ್ನೆ ಮಾಡಿದ. ಒಬ್ಬ ಅವಳ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. ಇನ್ನೊಬ್ಬ ಸೆರಗಿಗೆ ಕೈಹಾಕಿದ. ಅವಳು ಎರಡೂ ಕೈಯಿಂದ ಡಬ್ಬಿ ಅವಚಿಕೊಂಡಳು. ಅವನು ಅವಳ ಎಡಗೈಯ ಒಂದೊಂದೇ ಬೆರಳು ಹಿಂದಕ್ಕೆ ಮಡಿಸಿದ. ಕಿರುಬೆರಳು ಲಟಕ್ಕೆಂದಿತು. ಅದರ ಪಕ್ಕದ್ದು ಲಟಕ್ಕೆಂದಿತು. ಅವಳು ಅವನ ಕಿವಿ ಕಚ್ಚಿದಳು, ಹಲ್ಲಿಗೆ ಹಲ್ಲು ತಾಗುವವರೆಗೆ. ಅವನು ಕಿರುಚಿಕೊಂಡ. ವಾರ್ಡಿನಿಂದ ಜನ ಓಡಿಬಂದರು. ಸದಾನಂದ ತನ್ನವರನ್ನು ಕರೆದುಕೊಂಡು ಹೊರಟುಹೋದ.

ಮನೀಶ್ ಹೋಗಲಿಲ್ಲ. ಅವಳ ಎದುರು ನೆಲದ ಮೇಲೆ ಕೂತ.

“ಅಕ್ಕ, ಅದನ್ನು ಕೊಡಬೇಡಿ. ಆಫೀಸಲ್ಲಿ ಬೆಳಿಗ್ಗೆದು ಎಲ್ಲಾ ಡಿಲೀಟ್ ಮಾಡಿದರು. ಆದರೆ ಡಬ್ಬಿ ಒಳಗೆ ಮೆಮರಿ ಉಂಟು. ಗಾಳಿಯ ಅಂಕಿ ಅದರಲ್ಲಿ ಬರ್ದಿರ್ತದೆ. ಅವರಿಗೆ ಅದೇ ಭಯ.”

“ಅಂಕಿ ಏನಂತಿತ್ತು?”

“ಹತ್ತು ದಾಟಿದರೆ ಇಳೀಬಾರ್ದು. ಐನೂರರ ಹತ್ತಿರ ಇತ್ತು.”

“ಅವಾಗ ಕೂಗಿದ್ದು ಅದಽ ಏನು? ಮುರಿಗ್ಯಾ ಇಳಿಯೂಕಿಂತ ಮೊದಲು?”

“ಹೂಂ. ನಾನು ಬಂದ್ ಮಾಡಿದೆ. ಮುಝೆ ಮಾಲೂಮ್ ಥಾ... ನನಗೆ ಗೊತ್ತಿತ್ತು, ಅಕ್ಕ.”

ರಾಚವ್ವ ಒಳ್ಳೆಯ ಕೈಯಿಂದ ಅವನ ಕೆನ್ನೆಗೆ ಬಾರಿಸಿದಳು. ಇನ್ನೊಂದು. ಮತ್ತೊಂದು. ಅವನು ಕೈ ಅಡ್ಡ ತರಲಿಲ್ಲ. ಅವನ ತುಟಿ ಒಡೆದು ರಕ್ತ ಗಲ್ಲಕ್ಕೆ ಇಳಿಯಿತು. ಅವಳ ಕೈ ಸೋತಿತು, ಸಿಟ್ಟು ಸೋಲಲಿಲ್ಲ.

ಪೊಲೀಸ್ ಸ್ಟೇಷನ್ನಿನಲ್ಲಿ ದೂರು ಬರೆದುಕೊಳ್ಳಲಿಲ್ಲ. ‘ಆಕಸ್ಮಿಕ ಸಾವು’ ಎಂದು ಒಂದು ಸಾಲು ಗೀಚಿದರು. ಡಬ್ಬಿ ಕಳವು ಮಾಡಿದ್ದಕ್ಕೆ ನಿನ್ನ ಮೇಲೇ ಕೇಸು ಎಂದು ಹೆದರಿಸಿದರು. ಅವಳು ಅದನ್ನು ಅಲ್ಲಿಗೆ ಒಯ್ದಿರಲಿಲ್ಲ. ರಾಚವ್ವ ಒಂದೇ ಮಾತು ಹೇಳಿ ಬಂದಳು: “ಸದಾನಂದನ ಹೆಸರು ಬರೀತನಕಾ ನಾ ಹೆಣಾ ಒಯ್ಯಂಗಿಲ್ಲ.”

ಮುರಿಗೆಪ್ಪ ಐಸಿನಲ್ಲಿ ಮಲಗಿದ. ಒಂದು ದಿನ, ಎರಡು ದಿನ, ಮೂರು ದಿನ. ವಾರ್ಡ್ ಬಾಯ್ ಬಂದು ಜಾಗ ಇಲ್ಲ ಎಂದು ಬೈದ. ಊರಿನವರು ಫೋನ್ ಮಾಡಿ ಮಣ್ಣು ಮಾಡವ್ವಾ ಎಂದರು. ಅವಳು ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೆಣದ ಕೋಣೆಯ ಕಟ್ಟೆಯ ಮೇಲೆ ಕೂತಳು. ಜಹಾಂಗೀರ ಅವಳ ಜೊತೆ ಕೂತ. ಅವನ ಎದೆಯಲ್ಲಿ ಉಸಿರು ಗರಗರ ಎನ್ನುತ್ತಿತ್ತು. ಹನ್ನೆರಡು ಜನ ಕೆಲಸದವರು ಯಾರೂ ಸಲಿಕೆ ಮುಟ್ಟಲಿಲ್ಲ.

ನಾಲ್ಕನೆಯ ದಿನ ಜಹಾಂಗೀರ ಸುದ್ದಿ ತಂದ. “ರಾಚಕ್ಕ, ಅವತ್ತ ನಿಂತ ಉದ್ಘಾಟನಾ ಇವತ್ತ ಇಟ್ಟಾರ. ಘಾಟ್ಕೋಪರ್ ಹಾಲ್‌ನಾಗ. ಹನ್ನೊಂದಕ್ಕ.”

“ನಡೀರಿ” ಎಂದಳು.

ಹದಿನಾಲ್ಕು ಜನ ವಡಾಲದಿಂದ ಕುರ್ಲಾಕ್ಕೆ, ಕುರ್ಲಾದಿಂದ ಘಾಟ್ಕೋಪರ್‌ಗೆ ಲೋಕಲ್ ಹಿಡಿದರು. ಜಹಾಂಗೀರನ ಹತ್ತಿರ ಮುಚ್ಚಳ ಎತ್ತುವ ಕಬ್ಬಿಣದ ಕೊಕ್ಕೆ ಇತ್ತು. ಸಭಾಂಗಣದ ಬಾಗಿಲಲ್ಲಿ ಗಾರ್ಡು ಹಿಂದಿನ ಗೇಟಿಗೆ ಹೋಗಿ ಎಂದ. ರಾಚವ್ವ ಅವನ ಎದೆಗೆ ಹೆಗಲು ಕೊಟ್ಟು ನುಗ್ಗಿದಳು. ಅವನು ಗಾಜಿನ ಬಾಗಿಲಿನ ಮೇಲೆ ಬಿದ್ದ, ಬಾಗಿಲು ಪುಡಿಯಾಯಿತು. ಗಾಜು ತುಳಿದುಕೊಂಡೇ ಅವರು ಒಳಗೆ ಬಂದರು. ಎಸಿಯ ತಣ್ಣನೆಯ ಸಭಾಂಗಣ. ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳು. ವೇದಿಕೆಯ ಗೋಡೆಯ ತುಂಬ ಪರದೆ, ಪರದೆಯ ಮೇಲೆ ನಕ್ಷೆ, ನಕ್ಷೆಯಲ್ಲಿ ಅರವತ್ತು ಹಸಿರು ಚುಕ್ಕೆ, ಡಬ್ಬಿ ಇಲ್ಲದ ತಿರುವಿನದೂ ಸೇರಿ. ಲ್ಯಾಪ್‌ಟಾಪಿನ ಹಿಂದೆ ಮನೀಶ್ ನಿಂತಿದ್ದ. ಟಿವಿಯವರು ಕ್ಯಾಮೆರಾ ಇತ್ತ ತಿರುಗಿಸಿದರು.

ರಾಚವ್ವ ವೇದಿಕೆ ಹತ್ತಿ ಹೂಳು ಒಣಗಿದ ಡಬ್ಬಿಯನ್ನು ಅವನ ಮುಂದೆ ಕುಕ್ಕಿದಳು.

“ಓದು. ಜೋರಲೇ ಓದು. ನಮಗ ಓದಾಕ ಬರೂದಿಲ್ಲ.”

“ಮನೀಶ್!” ಸದಾನಂದ ಮುಂದಿನ ಸಾಲಿನಿಂದ ಎದ್ದ. “ಮುಟ್ಟಬೇಡ ಅದನ್ನು. ನಿನ್ನನ್ನು ಓದಿಸಿದ್ದು ಯಾರು ನೆನಪುಂಟಾ?”

ಮನೀಶ್ ಮಾವನ ಮುಖ ನೋಡಿದ. ರಾಚವ್ವನ ಮುಖ ನೋಡಿದ. ವೈರು ತೆಗೆದು ಡಬ್ಬಿಗೆ ಸಿಕ್ಕಿಸಿದ. ಪರದೆಯ ಮೇಲಿನ ಹಸಿರು ನಕ್ಷೆ ಹೋಯಿತು. ಅಂಕಿಗಳ ಸಾಲು ಬಂತು. ಅವನು ಮೈಕ್ ಹಿಡಿದ.

“ಒಂಬತ್ತು ನಲವತ್ತು. ಗ್ಯಾಸ್ ನಾನೂರ ಎಂಬತ್ತು. ಒಂಬತ್ತು ನಲವತ್ತೊಂದು. ಅಲಾರ್ಮ್. ಒಂಬತ್ತು ನಲವತ್ತೊಂದು. ಅಲಾರ್ಮ್ ಬಂದ್. ಬಂದ್ ಮಾಡಿದ್ದು...” ಅವನು ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ತಂದ. “ಮನೀಶ್. ನಾನು.”

ಟಿವಿಯವರು ಪರದೆಯ ಹತ್ತಿರಕ್ಕೆ ಸರಿದರು.

“ಒಂಬತ್ತು ನಲವತ್ತೇಳು. ಆರುನೂರ ಹತ್ತು. ಸೆನ್ಸರ್ ಅಲುಗಾಡಿತು.”

“ಯಾರು ಅಲುಗಾಡಿಸಿದ್ದು?” ರಾಚವ್ವ ಕೇಳಿದಳು.

“ಅವನ ಕೈ, ಅಕ್ಕ. ಮುರಿಗೆಪ್ಪನ ಕೈ.”

ಸದಾನಂದ ವೇದಿಕೆಗೆ ಹಾರಿದ. ಮೈಕಿನ ಸ್ಟ್ಯಾಂಡು ಎತ್ತಿ ಸೋದರಳಿಯನ ತಲೆಗೆ ಹೊಡೆದ. ಮನೀಶ್ ಲ್ಯಾಪ್‌ಟಾಪಿನ ಮೇಲೆ ಕುಸಿದ. ಎರಡನೆಯ ಏಟಿಗೆ ಡಬ್ಬಿಯ ಮೂಲೆ ಬಿರಿಯಿತು. ಮೂರನೆಯದಕ್ಕೆ ಸ್ಟ್ಯಾಂಡು ಮೇಲೆ ಎತ್ತಿದ್ದಾಗ ರಾಚವ್ವ ಹಿಂದಿನಿಂದ ಅವನ ಕಾಲರಿಗೆ ಕೈಹಾಕಿದಳು.

ಇಪ್ಪತ್ತು ವರ್ಷ ಹೂಳಿನ ಬಕೆಟ್ ಜಗ್ಗಿದ ಕೈ ಅದು. ಸದಾನಂದ ಅಷ್ಟೇನೂ ಭಾರವಿರಲಿಲ್ಲ. ವೇದಿಕೆಯಿಂದ ಕೆಳಗೆ ಎಳೆದಳು. ಕುರ್ಚಿಗಳ ನಡುವೆ ಎಳೆದಳು. ಅವನ ಬೂಟು ಕಳಚಿತು. ಒಡೆದ ಗಾಜಿನ ಮೇಲೆ ಎಳೆದಾಗ ಅವನ ಬೆನ್ನು ಹರಿಯಿತು. ಯಾರೋ ಹಿಡಿಯಲು ಬಂದರು, ಕೆಲಸದವರು ಅವರನ್ನು ಕುರ್ಚಿ ಎತ್ತಿ ತಡೆದರು. ಸಭಾಂಗಣದ ಎದುರು ರಸ್ತೆಯಲ್ಲೇ ಒಂದು ಮ್ಯಾನ್‌ಹೋಲ್ ಇತ್ತು. ಜಹಾಂಗೀರ ಕೊಕ್ಕೆ ಹಾಕಿ ಮುಚ್ಚಳ ಎತ್ತಿ ಬದಿಗೆ ತಳ್ಳಿದ.

ರಾಚವ್ವ ಸದಾನಂದನ ಬೆನ್ನಿನ ಮೇಲೆ ಮೊಣಕಾಲು ಊರಿ ಅವನ ತಲೆಯನ್ನು ಗುಂಡಿಯೊಳಗೆ ಅದುಮಿದಳು.

“ಮೂಸು.”

“ಬಿಡು! ಬಿಡು ಮಾರಾಯ್ತಿ! ಅಮ್ಮಾ...”

“ಮೂಸಿ ಹೇಳು. ಹೊಸತೈತೋ ಹಳೇದೈತೋ ಹೇಳು.”

ಅವನು ಕೆಮ್ಮಿದ. ವಾಂತಿ ಮಾಡಿಕೊಂಡ. ಕೈಕಾಲು ಬಡಿದ. ಅವನ ಉಚ್ಚೆ ರಸ್ತೆಗೆ ಹರಿಯಿತು. ಹೆಗಲವರೆಗೂ ಅವನು ಒಳಗಿದ್ದ. ಒಂದು ಮೊಳ ಮುಂದೆ ತಳ್ಳಿದ್ದರೆ ಸಾಕಿತ್ತು.

ಪೊಲೀಸರ ಲಾಠಿ ಅವಳ ಬಲಗೈಯ ಮೇಲೆ ಬಿತ್ತು. ಮತ್ತೆ ಅಲ್ಲಿಯೇ ಬಿತ್ತು. ಎಲುಬು ಮುರಿಯಿತು. ಬೆರಳು ಮುರಿದ ಎಡಗೈಯಲ್ಲಿ ಅವಳು ಇನ್ನೂ ಅವನ ಕಾಲರು ಹಿಡಿದಿದ್ದಳು. ನಾಲ್ಕು ಜನ ಸೇರಿ ಬಿಡಿಸಿದರು. ಜಹಾಂಗೀರನ ತಲೆ ಒಡೆದರು. ಹದಿನಾಲ್ಕೂ ಜನರನ್ನು ವ್ಯಾನಿಗೆ ತುಂಬಿದರು.

ಆದರೆ ಅಂಕಿಗಳನ್ನು ಸಭಾಂಗಣದ ತುಂಬ ಜನ ಕೇಳಿದ್ದರು. ಸಂಜೆಯೊಳಗೆ ಟಿವಿಯಲ್ಲಿ ಬಂತು. ತಲೆಗೆ ಹೊಲಿಗೆ ಹಾಕಿಸಿಕೊಂಡ ಮನೀಶ್ ಸ್ಟೇಷನ್ನಿಗೆ ಬಂದು, ತನ್ನ ಹೆಸರನ್ನೂ ಸೇರಿಸಿ ಹೇಳಿಕೆ ಬರೆಸಿದ. ಬಿರಿದ ಡಬ್ಬಿಯನ್ನು ಪಂಚನಾಮೆ ಮಾಡಿ ಮೊಹರು ಹಾಕಿದರು. ಸದಾನಂದನ ಹೆಸರು ಎಫ್‌ಐಆರಿಗೆ ಏರಿತು. ಅವನು ಆಸ್ಪತ್ರೆಯಲ್ಲಿ ಮಲಗಿಕೊಂಡೇ ಜಾಮೀನಿಗೆ ಅರ್ಜಿ ಹಾಕಿದ. ರಾಚವ್ವನ ಮೇಲೆ ಕೊಲೆಯತ್ನದ ಕೇಸು. ಅವಳಿಗೆ ಜಾಮೀನು ಸಿಗಲಿಲ್ಲ.

ಮರುದಿನ ಕೋರ್ಟು ಎರಡು ಗಂಟೆಯ ಅನುಮತಿ ಕೊಟ್ಟಿತು. ಅವಳು ಹೆಣ ತೆಗೆದುಕೊಂಡಳು. ಪೊಲೀಸ್ ಪಹರೆಯಲ್ಲಿ ಮುರಿಗೆಪ್ಪನನ್ನು ಮಣ್ಣು ಮಾಡಿದರು. ಬಲಗೈ ಪ್ಲಾಸ್ಟರಿನಲ್ಲಿತ್ತು, ಎಡಗೈಯ ಬೆರಳುಗಳು ಮಡಚುತ್ತಿರಲಿಲ್ಲ. ಅವಳು ಕುಂಡೆಯ ಮೇಲೆ ಕೂತು ಕಾಲಿನಿಂದ ಮಣ್ಣು ತಳ್ಳಿದಳು. ತಮ್ಮನಿಗೆ ಕಾಲು ತಾಗಿಸಿದ್ದಕ್ಕೆ ತಪ್ಪಾಯಿತು ಅಂದಳು. ಅದೊಂದೇ ಸಲ ಅವಳು ಅತ್ತದ್ದು.

ವಾಪಸು ಬರುವಾಗ ವ್ಯಾನಿನಲ್ಲಿ ಅವಳ ಪಕ್ಕ ರೂಪಾಲಿ ಎಂಬ ಕಾನ್‌ಸ್ಟೇಬಲ್ ಕೂತಿದ್ದಳು. ಸೋಲಾಪುರದ ಹುಡುಗಿ, ಗಡಿಯ ಕನ್ನಡ ಬರುತ್ತಿತ್ತು. ಅವಳು ಕೇಳಿದಳು.

“ಮಾವಶೀ, ಖರೇ ಹೇಳು. ಸದಾನಂದನ್ನ ಗಟಾರದಾಗ ನೂಕಬೇಕಂತ ಇದ್ದಿ?”

“ಹೂಂ.”

“ಮತ್ತ ನೂಕಲಿಲ್ಲ ಯಾಕ? ಪೊಲೀಸರು ಬರೂತನಕಾ ಟೈಮ್ ಇತ್ತಲ್ಲ.”

ರಾಚವ್ವ ಜಾಲರಿಯ ಹೊರಗೆ ನೋಡುತ್ತಿದ್ದಳು.

“ನೂಕಿದ್ರ ಅವನ್ನ ಎತ್ತಾಕ ಒಳಗ ಯಾರನ್ನ ಇಳಸ್ತಿದ್ರು?” ಎಂದಳು. “ನಮ್ಮವರನ್ನಽ ಇಳಸ್ತಿದ್ರು.”